ಮಾವ ಆರಿಸಿದ ದೆವ್ವಗಳು

ಹ್ಯಾಲೋವೀನ್ ಬಂತೆಂದರೆ ಕೆಲವು ಮನೆಗಳಲ್ಲಿ ಮುಖವಾಡ ಕಟ್ಟಿಕೊಳ್ಳುತ್ತಾರೆ, ಕೆಲವು ಮನೆಗಳಲ್ಲಿ ಕುಂಬಳಕಾಯಿಗೆ ಕಣ್ಣು ಮೂಗು ಕೊರೆಯುತ್ತಾರೆ. ನಮ್ಮ ಕಥೆಯ ಸೊಸೆ ಮದುವೆಯಾಗಿ ಬಂದ ಮನೆಯಲ್ಲಿ ಇಂಥ ರಗಳೆಯೇನೂ ಇರಲಿಲ್ಲ. ಅಲ್ಲಿದ್ದದ್ದು ಒಂದು ಉದ್ದನೆಯ ಸೋಫಾ, ಒಂದು ದೊಡ್ಡ ಟೀವಿ ಮತ್ತು ಮಾವ.

ಅಕ್ಟೋಬರಿನ ಕೊನೆಯ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ, ಮನೆಮಂದಿಯೆಲ್ಲ ಸಾಲಾಗಿ ಕೂತು ಒಂದು ದೆವ್ವದ ಸಿನಿಮಾ ನೋಡಬೇಕು. ಹಾಡುಹಗಲಲ್ಲಿ ದೆವ್ವವೇ ಎಂದು ಮೂಗು ಮುರಿಯಬೇಡಿ. ನಾದಿನಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಅವಳೊಬ್ಬಳನ್ನು ಬಿಟ್ಟು ಹೆದರಿಕೊಳ್ಳುವುದು ಅನ್ಯಾಯವೆಂದು ದೆವ್ವಗಳ ವೇಳಾಪಟ್ಟಿಯನ್ನೇ ಈ ಮನೆಯವರು ಬದಲಾಯಿಸಿಬಿಟ್ಟಿದ್ದರು.

ಆಟಕ್ಕೆ ಎರಡೇ ನಿಯಮ. ಕೊನೆಯವರೆಗೂ ಕಿರುಚದೆ, ಕಣ್ಣು ಮುಚ್ಚದೆ, ಕೂತಲ್ಲಿಂದ ಅಲುಗದೆ ಇದ್ದವರಿಗೆ ಮುಂದಿನ ವರ್ಷದ ಸಿನಿಮಾ ಆರಿಸುವ ಹಕ್ಕು. ಎಲ್ಲರಿಗಿಂತ ಜೋರಾಗಿ ಕಿರುಚಿದವರಿಗೆ ಒಂದು ಅಡ್ಡಹೆಸರು, ಅದು ಮುಂದಿನ ಹ್ಯಾಲೋವೀನ್ ತನಕ ಚಾಲ್ತಿ. ಗಂಡ ಒಮ್ಮೆ ‘ಕುಕ್ಕರ್’ ಆಗಿದ್ದ. ನಾದಿನಿ ಒಂದು ಇಡೀ ವರ್ಷ ‘ಗೂಡ್ಸ್ ಗಾಡಿ’ ಆಗಿದ್ದಳು. ಆರಿಸುವ ಹಕ್ಕು ಮಾತ್ರ ಮಕ್ಕಳು ಚಿಕ್ಕವರಿದ್ದಾಗಿನಿಂದ ಮಾವನ ಕೈ ಬಿಟ್ಟು ಹೋದದ್ದೇ ಇಲ್ಲ.

ಮಾವ ಮರ ಕೊಯ್ಯುವ ಮಿಲ್ಲಿನಲ್ಲಿ ಆಯುಷ್ಯವೆಲ್ಲ ದುಡಿದು ನಿವೃತ್ತರಾದವರು. ಆಳೆತ್ತರದ ಗರಗಸದ ಮುಂದೆ ನಿಂತು ಅದರ ಸದ್ದಿಗೇ ಕಿವಿ ಕಳೆದುಕೊಂಡವರು. ಎರಡೂ ಕಿವಿಗೆ ಮೆಷಿನ್ ಹಾಕಿಕೊಂಡು ಸೋಫಾದ ನಡುಮಧ್ಯೆ ಕೂತರೆಂದರೆ, ಪರದೆಯ ಮೇಲೆ ರುಂಡ ಉರುಳಲಿ, ಹೆಣ ಎದ್ದು ಕೂರಲಿ, ಆ ಮುಖದಲ್ಲಿ ಒಂದು ಗೆರೆಯೂ ಕದಲುತ್ತಿರಲಿಲ್ಲ. ಪಕ್ಕದಲ್ಲಿ ಅತ್ತೆ ಮೊದಲ ದೃಶ್ಯಕ್ಕೇ ಶಾಲಿನೊಳಗೆ ತಲೆ ಹುದುಗಿಸಿದರೆ, ಕೊನೆಯಲ್ಲಿ ಪರದೆಯ ಮೇಲೆ ಹೆಸರುಗಳು ಓಡುವ ಹೊತ್ತಿಗೆ ಈಚೆ ಬರುತ್ತಿದ್ದರು. ಆಮೇಲೆ ಮಾವ ಎದ್ದು ಮೈಮುರಿದು, “ಇಷ್ಟೇನಾ?” ಅನ್ನುತ್ತಿದ್ದರು. ಆ ಒಂದು ಮಾತು ಕೇಳಿದರೆ ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಏನು? ಕಳೆದ ವರ್ಷದ ಅಡ್ಡಹೆಸರು ಅವಳ ಪಾಲಿಗೆ ಬಂದಿತ್ತು. ಈ ಮನೆಯಲ್ಲಿ ಅವಳ ಮೊದಲ ದೆವ್ವ ಅದು. ಪರದೆಯ ಮೇಲಿನ ಕಪಾಟಿನ ಬಾಗಿಲು ಧಡಾರನೆ ತೆರೆದುಕೊಂಡಾಗ ಅವಳ ಗಂಟಲಿನಿಂದ ಹೊರಟ ಸದ್ದಿಗೆ, ಮೇಲಿನ ಮನೆಯವರು ಕಟ್ಟಡಕ್ಕೆ ಬೆಂಕಿ ಬಿದ್ದಿದೆಯೆಂದು ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಮಿಕ್ಸಿ ಇಟ್ಟುಕೊಂಡು ಮೆಟ್ಟಿಲಿಳಿದು ಬೀದಿಗೆ ಬಂದಿದ್ದರು. ಅವತ್ತಿನಿಂದ ಅವಳು ‘ಸೈರನ್’.

ಹೆಸರು ಮನೆಯೊಳಗೇ ಇದ್ದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಅವಳ ಕೆಲಸ ಕಿವಿ ಮೆಷಿನ್ ಅಂಗಡಿಯಲ್ಲಿ. ಕಿವಿ ಕೇಳಿಸದವರನ್ನು ಕೂರಿಸಿಕೊಂಡು, ಪರೀಕ್ಷೆ ಮಾಡಿ, ಅವರವರ ಕಿವಿಗೆ ತಕ್ಕ ಹಾಗೆ ಮೆಷಿನ್ ಹೊಂದಿಸಿ ಕೊಡುವುದು. ಅವಳು ಹೊಂದಿಸಿಕೊಟ್ಟದ್ದು ಸರಿಯಿಲ್ಲ ಎಂದು ಒಬ್ಬ ಗಿರಾಕಿಯೂ ವಾಪಸ್ ಬಂದಿರಲಿಲ್ಲ, ಅದು ಅವಳ ಹೆಮ್ಮೆ. ಅಂಥ ಕಡೆಗೆ ಮಾವ ಫೋನು ಮಾಡಿ, “ನಮ್ಮ ಸೈರನ್ನ ಸ್ವಲ್ಪ ಕರೀರಿ,” ಅನ್ನುವರು. ಅಂಗಡಿಯವರೂ ಹಾಗೇ ಕರೆಯಲು ಶುರುಮಾಡಿದರು. ಒಬ್ಬ ಅಜ್ಜಿಯಂತೂ ಹೊಸ ಮೆಷಿನ್ ಕಿವಿಗಿಟ್ಟುಕೊಂಡ ಕೂಡಲೇ ಮೊದಲು ಕೇಳಿಸಿಕೊಂಡದ್ದು ಅದನ್ನೇ. “ಏನಮ್ಮಾ, ನಿಮ್ಮ ತಂದೆತಾಯಿ ಇಟ್ಟ ಹೆಸರೇ ಇದು?” ಎಂದು ಮರುಕದಿಂದ ಕೇಳಿದ್ದಳು. ಆ ಹೆಸರು ತೊಲಗಬೇಕು, ಈ ಸಲ ತನಗಿಂತ ಜೋರಾಗಿ ಬೇರೆ ಯಾರಾದರೂ ಕಿರುಚಬೇಕು, ಸೊಸೆಗೆ ಬೇಕಿದ್ದದ್ದು ಅಷ್ಟೇ. ಆದರೆ ತನ್ನ ಗಂಟಲನ್ನು ಅವಳು ಬಲ್ಲಳು. ಅದನ್ನು ಮೀರಿಸುವ ಗಂಟಲು ಆ ಬೀದಿಯಲ್ಲೇ ಇರಲಿಲ್ಲ.

ಹ್ಯಾಲೋವೀನ್‌ಗೆ ಒಂದು ವಾರ ಮುಂಚಿನ ಭಾನುವಾರ ಆಯ್ಕೆಯ ಸಭೆ. ಸಭೆಯೆಂದರೆ ಊಟದ ಮೇಜಿನ ಸುತ್ತ ಎಲ್ಲರೂ ಒಂದೊಂದು ಸಿನಿಮಾ ಹೇಳುವುದು, ಮಾವ ಒಂದೊಂದನ್ನೇ ತಿಪ್ಪೆಗೆ ಎಸೆಯುವುದು.

ಮೊದಲು ಅತ್ತೆ. ಅವರು ಪ್ರತಿವರ್ಷ ಹೇಳುವುದು ಒಂದೇ ಸಿನಿಮಾ. ಅದರಲ್ಲೊಂದು ದೆವ್ವ ಮನೆಯವರಿಗೆ ಗೊತ್ತಾಗದ ಹಾಗೆ ಪಾತ್ರೆ ತೊಳೆದು, ಬಟ್ಟೆ ಮಡಿಸಿಟ್ಟು, ಕೊನೆಗೆ ಆ ಮನೆಯ ಹುಡುಗಿಗೆ ಒಳ್ಳೇ ಗಂಡು ಹುಡುಕಿ ಮದುವೆ ಮಾಡಿಸುತ್ತದೆ.

“ಅದು ದೆವ್ವ ಅಲ್ಲ ಕಣೇ, ನೆಂಟರು,” ಅಂದರು ಮಾವ. “ಮುಂದೆ?”

ಗಂಡ ಲಿಫ್ಟ್ ರಿಪೇರಿ ಮಾಡುವವನು. ತನ್ನ ಕಸುಬಿಗೆ ತಕ್ಕ ಹಾಗೆ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡ ದೆವ್ವದ ಕಥೆ ಹೇಳಿದ. ಅದಕ್ಕೆ ಮಾವ, “ಲಿಫ್ಟ್ ನಿಂತ್ರೆ ನಿಂಗೆ ಫೋನ್ ಬರುತ್ತೆ. ಅದ್ಕಿಂತ ದೊಡ್ಡ ದೆವ್ವ ಇನ್ನೇನಿದೆ?” ಎಂದು ತಳ್ಳಿಹಾಕಿದರು.

ನಾದಿನಿ ಕುರ್ಚಿ ಮುಂದಕ್ಕೆಳೆದುಕೊಂಡಳು. “ಅಪ್ಪಾ, ನಾನು ಹೇಳೋದು ಕೇಳು. ಒಂದು ಹಳೇ ಫೋಟೋ. ಅದರಲ್ಲಿ ಒಂದು ಮನೆಮಂದಿ ದೂರದಲ್ಲಿ ನಿಂತಿದ್ದಾರೆ. ಪ್ರತಿಸಲ ನೋಡಿದಾಗ್ಲೂ ಇನ್ನೊಂಚೂರು ಹತ್ತಿರ ಬಂದಿರ್ತಾರೆ. ಅಷ್ಟೇ. ಇಡೀ ಸಿನಿಮಾದಲ್ಲಿ ಮಾತಿಲ್ಲ, ಮ್ಯೂಸಿಕ್ ಇಲ್ಲ. ಒಂದು ಸದ್ದೂ ಇಲ್ಲ. ಬೇಕರಿಯಲ್ಲಿ ಒಬ್ಬಳು ನೋಡಿ ಮನೇಲಿರೋ ಫೋಟೋ ಎಲ್ಲಾ ಗೋಡೆ ಕಡೆ ತಿರುಗಿಸಿಟ್ಟಿದ್ದಾಳೆ.”

ಎಲ್ಲರಿಗೂ ಮೈ ಜುಂ ಎಂದಿತು. ಆಗ ಸೊಸೆ ಮಾವನ ಮುಖ ನೋಡಿದಳು. ಆ ಮುಖದಲ್ಲಿ ಎಂದೂ ಕದಲದ ಗೆರೆಯೊಂದು ಕದಲಿತು.

“ಥೂ,” ಅಂದರು ಮಾವ ಗಡಿಬಿಡಿಯಿಂದ. “ಸದ್ದಿಲ್ಲದ ಸಿನಿಮಾ ಒಂದು ಸಿನಿಮಾನಾ? ಫೋಟೋ ನೋಡೋದಾದ್ರೆ ಆಲ್ಬಮ್ ತೆಗೀರಿ, ಕರೆಂಟ್ ಆದ್ರೂ ಉಳಿಯುತ್ತೆ. ದೆವ್ವ ಅಂದ್ರೆ ಗೋಡೆ ನಡುಗ್ಬೇಕು. ನಾನು ಆರಿಸಿದ್ದೀನಿ. ಅಟ್ಟದ ಮೇಲೊಂದು ಹಳೇ ರೇಡಿಯೋ, ಅದರೊಳಗೆ ಸತ್ತೋದ ಹೆಂಗಸಿನ ದನಿ. ಸ್ಪೀಕರ್ ಹರಿದುಹೋಗೋ ಹಾಗೆ ಕಿರುಚ್ತಾಳಂತೆ. ಸೈರನ್, ನಿಂಗೆ ಒಳ್ಳೇ ಜೋಡಿ.”

ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ, ಅವಳ ತಲೆ ಬೇರೆಲ್ಲೋ ಓಡುತ್ತಿತ್ತು. ಮಾವ ಈವರೆಗೆ ಆರಿಸಿದ್ದ ಸಿನಿಮಾಗಳ ಕಥೆಗಳನ್ನೆಲ್ಲ ಮನೆಯವರ ಬಾಯಲ್ಲಿ ಅವಳು ಕೇಳಿದ್ದಳು. ಗುಡುಗಿನ ಸಿನಿಮಾ, ಘಂಟೆಯ ಸಿನಿಮಾ, ಬಾಗಿಲು ಬಡಿಯುವ ಸಿನಿಮಾ, ನಾಯಿ ಊಳಿಡುವ ಸಿನಿಮಾ. ಒಂದಾದರೂ ಸದ್ದಿಲ್ಲದ ದೆವ್ವ ಇಲ್ಲ. ಕಳೆದ ವರ್ಷದ ಮಧ್ಯಾಹ್ನವೂ ನೆನಪಾಯಿತು. ಕಪಾಟಿನ ಬಾಗಿಲು ತೆರೆಯುವ ಸ್ವಲ್ಪ ಮುಂಚೆ ಮಾವ ಕೈ ಎತ್ತಿ ಒಮ್ಮೆ ಬಲಗಿವಿಯ ಹಿಂದೆ, ಒಮ್ಮೆ ಎಡಗಿವಿಯ ಹಿಂದೆ ಕೆರೆದುಕೊಂಡಿದ್ದರು. ಕೆರೆತವೆಂದು ಬೇರೆಯವರು ನಂಬಬೇಕು. ಮೆಷಿನ್ನಿನ ಹಿಂಬದಿಯ ಪುಟ್ಟ ಬ್ಯಾಟರಿ ಬಾಗಿಲನ್ನು ಉಗುರಿನಲ್ಲಿ ಮೀಟಿ ಅದರ ಬಾಯಿ ಮುಚ್ಚಿಸುವ ಆ ಚಳಕವನ್ನು ಅವಳು ಅಂಗಡಿಯಲ್ಲಿ ದಿನವೂ ನೋಡುತ್ತಿದ್ದಳು. ಹೆಂಡತಿ ಮಾತು ಶುರುಮಾಡಿದ ಕೂಡಲೇ ಗಂಡಂದಿರಿಗೆ ಬರುವ ಕೆರೆತ ಅದು.

ಅಯ್ಯೋ ನನ್ನ ಸಿಂಹವೇ, ಅಂದುಕೊಂಡಳು ಸೊಸೆ. ಇಷ್ಟು ವರ್ಷ ಕಿವಿ ಮುಚ್ಚಿಕೊಂಡು ಗರ್ಜಿಸಿದ್ದೇ!

ಆದರೆ ಬೆರಳಿಟ್ಟು ತೋರಿಸಲು ಪುರಾವೆ ಬೇಕಲ್ಲ. ಸುಮ್ಮನೆ ಬಾಯಿಮಾತಲ್ಲಿ ಹೇಳಿದ್ದರೆ, ಅತ್ತಿಗೆಗೆ ಸೋಲು ಒಪ್ಪಿಕೊಳ್ಳಲು ಆಗುತ್ತಿಲ್ಲ ಎಂದು ನಾದಿನಿಯೇ ನಗುತ್ತಿದ್ದಳು.

ಅದೃಷ್ಟ ತಾನಾಗಿ ಬಂದು ಬಾಗಿಲು ತಟ್ಟಿತು. ಮರುದಿನ ಬೆಳಿಗ್ಗೆ ಅತ್ತೆ ತಂಗಿಯ ಮನೆಗೆ ಹೊರಟರು, ಶನಿವಾರ ವಾಪಸ್. ಅವರನ್ನು ಬಸ್ಸು ಹತ್ತಿಸಿ ಬಂದ ಖುಷಿಯಲ್ಲಿ ಮಾವ ಸಿಳ್ಳೆ ಹೊಡೆಯುತ್ತ ಮುಖ ತೊಳೆಯಲು ಹೋಗಿ, ಎರಡೂ ಮೆಷಿನ್ನುಗಳನ್ನು ನೀರು ತುಂಬಿದ ಬಕೆಟ್ಟಿಗೆ ಬೀಳಿಸಿಕೊಂಡರು. ಹಳೇ ಮೆಷಿನ್ನುಗಳು ಅಲ್ಲೇ ಪ್ರಾಣ ಬಿಟ್ಟವು.

ಅಲ್ಲಿಯತನಕ ಮಾವ ಏನೋ ಒಂದು ನೆಪ ಹೇಳಿ ಸೊಸೆಯ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಈಗ ಬೇರೆ ದಾರಿಯಿರಲಿಲ್ಲ. ಗುರುವಾರ ಬಂದು, ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಬಿಗಿಯಾಗಿ ಕೂತರು. ಸೊಸೆ ಪರೀಕ್ಷೆ ಮಾಡಿದಳು, ಹೊಸ ಮಾದರಿಯ ಜೋಡಿ ಮೆಷಿನ್ ತಂದು ಮೇಜಿನ ಮೇಲಿನ ಬಟ್ಟೆಯ ಮೇಲಿಟ್ಟಳು. ಇದಕ್ಕೆ ಚಾರ್ಜಿಂಗ್, ಹಾಗಾಗಿ ಬ್ಯಾಟರಿ ಬಾಗಿಲೇ ಇಲ್ಲ. ಬಲಗಡೆಯದರ ಬೆನ್ನಿಗೆ ಒಂದು ಬಟನ್ನು, ಎರಡನ್ನೂ ಆಳುವುದು ಅದೇ.

ಅವಳ ಕಸುಬಿನಲ್ಲಿ ಮೊದಲು ಕಲಿಸುವ ಪಾಠಗಳು ಎರಡು. ಗಿರಾಕಿಯ ಮುಖ ನೋಡಿಕೊಂಡೇ ಮಾತಾಡಬೇಕು. ಗಿರಾಕಿ ತಲೆಯಾಡಿಸಿದರೆ ನಂಬಬಾರದು, ಹೇಳಿದ್ದನ್ನು ಅವರ ಬಾಯಿಂದ ಇನ್ನೊಮ್ಮೆ ಹೇಳಿಸಬೇಕು. ಏಕೆಂದರೆ ಕೇಳಿಸದವರಷ್ಟು ಚೆನ್ನಾಗಿ ತಲೆಯಾಡಿಸುವವರು ಲೋಕದಲ್ಲಿ ಇನ್ನಿಲ್ಲ. ಅದರಲ್ಲೂ ಮಾವ ಗರಗಸದ ಸದ್ದಿನಲ್ಲಿ ಜೊತೆಗಾರರ ತುಟಿ ನೋಡಿಯೇ ಮಾತು ಅರ್ಥಮಾಡಿಕೊಂಡವರು, ಮುಖ ಕಂಡರೆ ಸಾಕು, ಅರ್ಧ ಮಾತು ತಿಳಿಯುತ್ತಿತ್ತು.

ಸೊಸೆ ಅವತ್ತು ಕಂಪ್ಯೂಟರಿನ ಕಡೆ ಮುಖ ತಿರುಗಿಸಿಕೊಂಡಳು.

“ಮಾವ, ಬಟನ್ ಒಂದು ಸಲ ಒತ್ತಿದ್ರೆ ಟೀವಿ ಸದ್ದು ನೇರ ಕಿವಿ ಒಳಗೇ ಬರುತ್ತೆ. ಇನ್ನೊಂದ್ಸಲ ಒತ್ತಿದ್ರೆ ಮಾಮೂಲಿ. ಪೂರ್ತಿ ಆಫ್ ಮಾಡ್ಬೇಕು ಅಂದ್ರೆ ತುಂಬಾ ಹೊತ್ತು ಒತ್ತಿ ಹಿಡ್ಕೊಂಡಿರ್ಬೇಕು. ಗೊತ್ತಾಯ್ತಾ?” ಎಂದು ಪರದೆಗೆ ವಿವರಿಸಿದಳು.

ಮೆಷಿನ್ನುಗಳು ಇನ್ನೂ ಬಟ್ಟೆಯ ಮೇಲೆ ಮಲಗಿದ್ದವು. ಮಾವ ಘನವಾಗಿ ತಲೆಯಾಡಿಸಿದರು.

ಪಾಪ ಅನ್ನಿಸದಿರಲಿಲ್ಲ. ಆದರೆ ಆ ಹೊತ್ತಿಗೇ ಮುಂದಿನ ಕೋಣೆಯಿಂದ ಯಾರೋ “ಸೈರನ್, ಫೋನು!” ಎಂದು ಕೂಗಿದ್ದರಿಂದ ಪಾಪ ಅನ್ನಿಸುವುದು ಅಲ್ಲಿಗೇ ನಿಂತಿತು. ಮೆಷಿನ್ ಕಿವಿಗೇರಿಸಿದ ಮೇಲೆ ಮಾವ ಕೆಮ್ಮಿ, ಗೋಡೆಯ ಕ್ಯಾಲೆಂಡರ್ ನೋಡುತ್ತ ಕೇಳಿದರು.

“ಅಲ್ಲಾ, ಸುಮ್ನೆ ಕೇಳ್ತೀನಿ. ಚಾರ್ಜ್ ಉಳಿಸೋಕೆ ಇದನ್ನ ನಿಲ್ಲಿಸ್ಬೇಕು ಅಂದ್ರೆ ಎಲ್ಲಿ?”

“ಇದೇ ಬಟನ್ನು ಮಾವ,” ಅಂದಳು ಸೊಸೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸದ್ದು ಕಿವಿಗೆ ಪೆಟ್ಟು ಮಾಡದಂತೆ ಮಿತಿ ಹಾಕಲು ಮಾತ್ರ ಅವಳು ಮರೆಯಲಿಲ್ಲ, ಅಷ್ಟು ನಿಯತ್ತು ಇಟ್ಟುಕೊಂಡಿದ್ದಳು. ಎದೆಗೆ ಮಿತಿ ಹಾಕುವ ಬಟನ್ನು ಯಾವ ಮೆಷಿನ್ನಿಗೂ ಇಲ್ಲ, ಅದಕ್ಕವಳೇನು ಮಾಡಿಯಾಳು? ಆ ಎದೆಯಾದರೂ ಕುದುರೆಯ ಎದೆ ಎಂದು ಡಾಕ್ಟರು ಆ ತಿಂಗಳೇ ಹೇಳಿ ಕಳಿಸಿದ್ದರು. ಶುಕ್ರವಾರ ಸಂಜೆ ಮಾವ ವಾಕಿಂಗ್ ಹೋದಾಗ ಟೀವಿಯ ಹಿಂದೆ, ಸದ್ದನ್ನು ಮೆಷಿನ್ನಿಗೆ ಕಳಿಸುವ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದನ್ನು ಸಿಕ್ಕಿಸಿದಳು. ಗಂಡ ಕೇಳಿದ್ದಕ್ಕೆ, ಮಾವನಿಗೆ ವಾರ್ತೆ ಚೆನ್ನಾಗಿ ಕೇಳಿಸಲಿ ಅಂತ, ಅಂದಳು. ಎಂಥ ಹೆಂಡತಿ ಸಿಕ್ಕಿದಳು ಎಂದು ಅವನು ಬೀಗಿದ. ಅತ್ತೆ ಊರಲ್ಲಿಲ್ಲದ್ದರಿಂದ ಮೆಷಿನ್ ನಿಲ್ಲಿಸಿ ನೋಡುವ ಸಂದರ್ಭವೂ ಮಾವನಿಗೆ ಒದಗಿ ಬರಲಿಲ್ಲ.

ಶನಿವಾರ ಬಂತು. ಬೆಳಿಗ್ಗೆ ಅತ್ತೆಯೂ ಬಂದರು. ಊಟ ಮುಗಿಸಿ ಕಂಬಳಿ ಕಟ್ಟಿದರು. ಸೋಫಾದ ಬೆನ್ನಿಗಿದ್ದ ದೊಡ್ಡ ಕಿಟಕಿಗೆ ಎರಡು ಕಂಬಳಿ ಬೇಕಾದವು. ನಡುಮಧ್ಯೆ ಮಾವ, ಒಂದು ಪಕ್ಕ ಅತ್ತೆ ಮತ್ತು ಅವರ ಶಾಲು, ಇನ್ನೊಂದು ಪಕ್ಕ ಗಂಡ. ನೆಲದ ಮೇಲೆ ದಿಂಬು ತಬ್ಬಿಕೊಂಡು ನಾದಿನಿ. ಸೊಸೆ ಮೂಲೆಯ ಕುರ್ಚಿಯಲ್ಲಿ ಕೂತಳು, ಅಲ್ಲಿಂದ ಟೀವಿಯೂ ಕಾಣುತ್ತಿತ್ತು, ಮಾವನ ಬಲಗಿವಿಯೂ ಕಾಣುತ್ತಿತ್ತು.

ಸಿನಿಮಾ ಶುರುವಾಯಿತು. ಹೊಸ ಮನೆಗೆ ಬಂದ ಒಂಟಿ ಗಂಡಸು. ಅಟ್ಟದಲ್ಲಿ ಧೂಳು ಹಿಡಿದ ರೇಡಿಯೋ. ವೈರಿಲ್ಲ, ಆದರೂ ಗೊರಗೊರ ಎನ್ನುತ್ತದೆ. ಅತ್ತೆ ಆಗಲೇ ಶಾಲಿನೊಳಗೆ. ಅವನು ಮೆಟ್ಟಿಲು ಹತ್ತುತ್ತಾನೆ. ಮೆಟ್ಟಿಲು ಕಿರ್ರೆನ್ನುತ್ತದೆ. ಸೊಸೆಗೂ ಎದೆ ಹೊಡೆದುಕೊಳ್ಳುತ್ತಿತ್ತು, ಗಂಟಲು ಸಿದ್ಧವಾಗುತ್ತಿತ್ತು, ಆದರೆ ಕಣ್ಣು ಮಾವನ ಕಿವಿಯ ಮೇಲೆ ಇದ್ದುದರಿಂದ ಹೇಗೋ ತಡೆದುಕೊಂಡಳು.

ರೇಡಿಯೋದ ಗೊರಗೊರ ನಿಂತಿತು. ಮಾವನ ಕೈ ಮೇಲೆದ್ದಿತು. ಮೆಲ್ಲಗೆ, ಏನೂ ಆಗಿಲ್ಲವೆಂಬಂತೆ ಬಲಗಿವಿಯ ಹಿಂದೆ ಕೆರೆದುಕೊಂಡಿತು.

ಆಮೇಲೆ ಏನಾಯಿತೆಂದು ಮಾವನ ಜಾಗದಲ್ಲಿ ಕೂತು ಯೋಚಿಸಿ. ಎಷ್ಟೋ ವರ್ಷಗಳಿಂದ ಆ ಕೆರೆತದ ಮರುಕ್ಷಣ ಅವರಿಗೆ ಲೋಕವೇ ನಿಶ್ಶಬ್ದ. ಹಾಯಾಗಿ ಬೆನ್ನು ಒರಗಿಸಿದ್ದಾರೆ. ಆಗ ತಲೆಯ ಒಳಗೆ, ಎರಡು ಕಿವಿಗಳ ನಡುವೆ, ಯಾರೋ ಉಸಿರಾಡುತ್ತಾರೆ.

ಮಾವ ನೆಟ್ಟಗಾದರು. ಎಡಕ್ಕೆ ನೋಡಿದರು, ಶಾಲು. ಬಲಕ್ಕೆ ನೋಡಿದರು, ಮಗ. ಮತ್ತೆ ಕಿವಿ ಕೆರೆದರು. ಉಸಿರು ಟೀವಿಗೆ ಹೋಯಿತು. ಸಮಾಧಾನವಾಗಲಿಲ್ಲ, ಇನ್ನೊಮ್ಮೆ ಕೆರೆದರು. ಉಸಿರು ತಲೆಯೊಳಕ್ಕೆ ವಾಪಸ್ ಬಂತು, ಬಂದದ್ದೇ ಮಾತಾಡಿತು.

“ಹಿಂದೆ ನೋಡು…”

ಮಾವ ಹಿಂದೆ ನೋಡಿದರು. ಹಿಂದೆ ಕಪ್ಪು ಕಂಬಳಿ. ಅದೇ ಹೊತ್ತಿಗೆ ಅಟ್ಟದ ಹೆಂಗಸು ತನ್ನ ಜೀವಮಾನದ ಕಿರುಚಾಟವನ್ನೆಲ್ಲ ಸೇರಿಸಿ ಒಂದೇ ಸಲ ಕಿರುಚಿದಳು.

“ಅಮ್ಮಾ!”

ಆ ದನಿ ಮಾವನದು. ಮರದ ಮಿಲ್ಲಿನಲ್ಲಿ ಗರಗಸವನ್ನೂ ಮೀರಿ ಕೂಗಿ ಅಭ್ಯಾಸವಾದ ಗಂಟಲು ಅದು, ಸೊಸೆಯ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಕೂಗಿದ್ದಷ್ಟೇ ಅಲ್ಲ, ಕಂಬಳಿ ಹಿಡಿದು ಜಗ್ಗಿದರು. ಕಂಬಳಿ ಎರಡೂ ಕಿತ್ತು ಬಂದವು. ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿತು. ಆ ಬಿಸಿಲಿನಲ್ಲಿ ಕಂಡದ್ದೇನೆಂದರೆ, ಮಾವ ಸೋಫಾದ ಮೇಲೆ ಮಂಡಿಯೂರಿ ಅತ್ತೆಯ ಶಾಲಿನೊಳಗೆ ತಲೆ ತೂರಿಸುತ್ತಿದ್ದಾರೆ, ಶಾಲಿನೊಳಗಿಂದ ಅತ್ತೆ, “ರೀ, ಇಲ್ಲಿ ಜಾಗ ಇಲ್ಲ! ಇದು ನಂದು!” ಎಂದು ತಳ್ಳುತ್ತಿದ್ದಾರೆ. ಮೇಲಿನ ಮನೆಯಿಂದ ಮಿಕ್ಸಿ ಎತ್ತಿಕೊಂಡ ಸದ್ದೂ ಬಂತು.

ನಾದಿನಿ ನೆಲದ ಮೇಲೆ ಹೊರಳಾಡಿ ನಕ್ಕಳು. “ಅಮ್ಮಾ ಅಂತೆ! ಅಪ್ಪಾ ನೀನು ಅಮ್ಮಾ ಅಂದ್ಯಾ!” ಗಂಡ ಹೊಟ್ಟೆ ಹಿಡಿದುಕೊಂಡಿದ್ದ. “ಸೈರನ್ ಹೋಯ್ತು, ಇನ್ಮೇಲೆ ಅಂಬಾ! ಅಂಬಾ!”

ಗೆದ್ದೆ ಎಂದುಕೊಂಡಳು ಸೊಸೆ. ಹೆಸರು ತೊಲಗಿತು. ಬಾಯ್ತುಂಬ ನಗಲು ಶುರುಮಾಡಿದಳು, ಆಗ ಮಾವನನ್ನು ಸರಿಯಾಗಿ ನೋಡಿದಳು.

ಮಾವ ಮೆಷಿನ್ನುಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಬಗ್ಗಿಸಿ ಕೂತಿದ್ದರು. ಮನೆಯೆಲ್ಲ ನಗುತ್ತಿತ್ತು, ಅವರಿಗೆ ಅದು ಕೇಳಿಸುತ್ತಿರಲಿಲ್ಲ. ಯಾರ ಬಾಯಿ ಎಷ್ಟು ಅಗಲವಾಗಿದೆ ಎಂಬುದಷ್ಟೇ ಕಾಣುತ್ತಿತ್ತು. ಅಂಗಡಿಗೆ ಮೊದಲ ಸಲ ಬರುವವರೆಲ್ಲ ಹೀಗೇ ಕೂರುತ್ತಾರೆ, ಎಲ್ಲರೂ ತಮ್ಮನ್ನೇ ನೋಡಿ ನಗುತ್ತಿದ್ದಾರೆ ಎಂಬ ಹಾಗೆ. ಹಾಗಲ್ಲ ಎಂದು ಹೇಳಿ ಕಳಿಸುವುದೇ ಅವಳ ಕೆಲಸದ ಅರ್ಧಭಾಗ. ಸೊಸೆಗೆ ಛೆ, ಇದೇನು ಮಾಡಿದೆ ಅನ್ನಿಸಿತು.

“ನಗಬೇಡಿ,” ಅಂದಳು. ಯಾರೂ ನಿಲ್ಲಿಸಲಿಲ್ಲ. ಅವಳು ಎದ್ದು ಟೀವಿ ಆಫ್ ಮಾಡಿದಳು. “ನಗಬೇಡಿ ಅಂದ್ನಲ್ಲ! ಅದು ಮಾವ ಹೆದರಿದ್ದಲ್ಲ. ಮೆಷಿನ್ ಸೀಟಿ ಹೊಡೀತು. ಸೆಟ್ಟಿಂಗ್ ಮಾಡಿದ್ದು ನಾನೇ, ತಪ್ಪು ನಂದೇ. ಕಿವಿಯೊಳಗೆ ಹಾಗೆ ಸೀಟಿ ಹೊಡೆದ್ರೆ ನೀವಾಗಿದ್ರೆ ಮನೆ ಬಿಟ್ಟೇ ಓಡ್ತಿದ್ರಿ.”

ನಗು ನಿಂತಿತು. ಗಂಡ ಕಣ್ಣೊರೆಸಿಕೊಂಡ. “ನಿನ್ನ ಕೈಯಿಂದ್ಲೂ ತಪ್ಪಾಗುತ್ತಾ?”

“ಆಗುತ್ತೆ,” ಅಂದಳು. ಅಷ್ಟು ಹೇಳುವಾಗ ಅವಳಿಗೆ ಹಲ್ಲು ಕಿತ್ತಷ್ಟು ನೋವಾಯಿತು. ಯಾವ ಗಿರಾಕಿಯ ಮುಂದೆಯೂ ಅವಳು ಈ ಮಾತು ಹೇಳಿರಲಿಲ್ಲ.

“ಹಾಗಾದ್ರೆ ಅಪ್ಪಂದು ಲೆಕ್ಕಕ್ಕಿಲ್ಲ,” ಎಂದಳು ನಾದಿನಿ ನಿರಾಸೆಯಿಂದ. “ಈ ವರ್ಷ ಬೇರೆ ಯಾರೂ ಕಿರುಚಿಲ್ಲ. ಆರಿಸೋದು ಅಪ್ಪಾನೇ, ಹೆಸರೂ ಹಳೇದೇ ಮುಂದುವರೀಲಿ. ಅತ್ತಿಗೆ, ನೀವೇ ಸೈರನ್.”

ಮಾವನಿಗೆ ಇದೊಂದೂ ಕೇಳಿಸಿರಲಿಲ್ಲ. ಆದರೆ ಅವರು ಯಾವಾಗಲೋ ತಲೆ ಎತ್ತಿದ್ದರು. ಈ ಸಲ ಸೊಸೆ ಮುಖ ತಿರುಗಿಸಿ ಮಾತಾಡಿರಲಿಲ್ಲ, ಎದುರಿಗೇ ನಿಂತಿದ್ದಳು. ಮಾವ ಅವಳ ತುಟಿಗಳನ್ನೇ ನೋಡುತ್ತಿದ್ದರು.

ಸೋಮವಾರ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಮಾವ ಹೊರಗೆ ನಿಂತಿದ್ದರು. ಪುಟ್ಟ ಕೋಣೆಯೊಳಗೆ ಬಂದು, ಬಾಗಿಲು ಹಾಕಿ, ಮೆಷಿನ್ನುಗಳನ್ನು ತಾವೇ ಕಿವಿಗೇರಿಸಿಕೊಂಡರು.

“ಮೆಷಿನ್ ಕೆಟ್ಟಿದೆಯಾ?”

“ಇಲ್ಲ ಮಾವ.”

“ಸೀಟಿ ಹೊಡೀತಾ?”

“ಇಲ್ಲ ಮಾವ.”

“ಮತ್ತೆ ಸುಳ್ಳು ಯಾಕೆ ಹೇಳ್ದೆ?”

ಸೊಸೆ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಮುಖ ನೋಡಿಕೊಂಡೇ ಎಲ್ಲ ಹೇಳಿಬಿಟ್ಟಳು, ಕಂಪ್ಯೂಟರಿಗೆ ವಿವರಿಸಿದ್ದನ್ನೂ, ಟೀವಿಯ ಹಿಂದಿನ ಪೆಟ್ಟಿಗೆಯನ್ನೂ. “ತಪ್ಪಾಯ್ತು ಮಾವ. ಆದ್ರೆ ನೀವೂ ಇಷ್ಟು ವರ್ಷ ಕಿವಿ ಕೆರ್ಕೊಂಡಿದ್ದೀರಿ.”

ಬೈಗುಳಕ್ಕೆ ಕಾದಳು. ಮಾವ ಭುಜ ಕುಣಿಸಿಕೊಂಡು ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

“ಒಂದು ವಿಷ್ಯ ಹೇಳ್ತೀನಿ, ಯಾರಿಗೂ ಹೇಳ್ಬೇಡ,” ಅಂದರು. “ಮಕ್ಕಳು ಚಿಕ್ಕವರಿದ್ದಾಗ ಮೊದಲನೇ ಸಲ ದೆವ್ವದ ಸಿನಿಮಾ ಹಾಕಿದ್ವಲ್ಲ, ಆಗ್ಲೇ ನನ್ನ ಕಿವಿ ಹೋಗಿತ್ತು. ಯಾರಿಗೂ ಹೇಳಿರಲಿಲ್ಲ. ಏನೂ ಕೇಳಿಸ್ತಿರಲಿಲ್ಲ, ಸುಮ್ನೆ ಕೂತಿದ್ದೆ. ಅಪ್ಪಂಗೆ ಭಯವೇ ಇಲ್ಲ ಅಂತ ಮಕ್ಕಳು ಕುಣಿದಾಡಿದ್ರು. ಆಮೇಲೆ ಮೆಷಿನ್ ಹಾಕಿಸ್ಕೊಂಡೆ ನೋಡು, ಆ ವರ್ಷ ಸಿನಿಮಾ ನೋಡಿದ್ರೆ, ಅಬ್ಬಬ್ಬಾ! ಜೀವ ಬಾಯಿಗೆ ಬಂತು. ಆದ್ರೆ ಅಷ್ಟೊತ್ತಿಗೆ ನಾನು ಸಿಂಹ ಆಗ್ಬಿಟ್ಟಿದ್ದೆ. ಇಳಿಯೋದು ಹೇಗೆ?”

ಅಂಗಿ ಜೇಬಿಗೆ ಕೈಹಾಕಿ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕಿವಿಗೆ ತುರುಕಿಕೊಳ್ಳುವ ರಬ್ಬರ್ ಬಿರಡೆ ಒಂದು ಜೊತೆ. ಪೊಟ್ಟಣದ ಪ್ಲಾಸ್ಟಿಕ್ ಹಳದಿಗಟ್ಟಿತ್ತು, ಅಂಟಿಸಿದ ಬಾಯಿ ಹಾಗೇ ಇತ್ತು.

“ಮಿಲ್ಲಲ್ಲಿ ಎಲ್ಲರಿಗೂ ಕೊಟ್ಟಿದ್ರು. ಹಾಕ್ಕೊಂಡೋನನ್ನ ಪುಕ್ಕಲ ಅಂತ ರೇಗಿಸ್ತಿದ್ರು. ನಾನು ಬಿಚ್ಚಲೇ ಇಲ್ಲ. ಅವತ್ತು ಇದನ್ನ ಹಾಕ್ಕೊಂಡಿದ್ದಿದ್ರೆ ಇವತ್ತು ನಿನ್ನ ಮುಂದೆ ಬಂದು ಕೂರ್ತಿರಲಿಲ್ಲ.” ಪೊಟ್ಟಣವನ್ನು ಅವಳ ಕಡೆ ತಳ್ಳಿದರು. “ಮುಂದಿನ ವರ್ಷ ನೀನು ಹಾಕ್ಕೋ. ಮೇಲೆ ಕೂದಲು ಬಿಟ್ಕೊಂಡ್ರೆ ಕಾಣ್ಸಲ್ಲ. ನಂಗೆ ಆ ಬಟನ್ ಎಷ್ಟು ಹೊತ್ತು ಒತ್ತಬೇಕು ಅಂತ ಸರಿಯಾಗಿ ತೋರಿಸ್ಕೊಡು.”

ಸೊಸೆ ತೋರಿಸಿಕೊಟ್ಟಳು. ಈ ಸಲ ಮುಖ ನೋಡಿಕೊಂಡು, ಎರಡೆರಡು ಸಲ ಅವರ ಬಾಯಿಂದಲೇ ಹೇಳಿಸಿ.

ಮುಂದಿನ ಹ್ಯಾಲೋವೀನ್‌ಗೆ ಮಾವ ಆರಿಸಿದ್ದು ಕೇಳಿದರೆ ನೀವೇ ಕಿವಿ ಮುಚ್ಚಿಕೊಳ್ಳುತ್ತೀರಿ, ಸ್ಮಶಾನದ ಪಕ್ಕದ ತಗಡಿನ ಕಾರ್ಖಾನೆಯ ಕಥೆ. ಸೋಫಾದ ನಡುಮಧ್ಯೆ ಮಾವ ಕಲ್ಲಿನಂತೆ ಕೂತಿದ್ದರು. ಅವರ ಪಕ್ಕದಲ್ಲಿ, ಕೂದಲು ಹರವಿಕೊಂಡು, ಸೊಸೆ ಇನ್ನೊಂದು ಕಲ್ಲಿನಂತೆ ಕೂತಿದ್ದಳು. ಗಂಡ ಅರ್ಧಕ್ಕೇ ಅಡುಗೆಮನೆಗೆ ಓಡಿದ, ಓಡುವಾಗ ಹೊರಡಿಸಿದ ಸದ್ದಿಗೆ ‘ಪುಂಗಿ’ ಎಂಬ ಹೆಸರು ಗಳಿಸಿದ. ‘ಸೈರನ್’ ಅಲ್ಲಿಗೆ ಮುಗಿಯಿತು. ಹೆಸರುಗಳು ಓಡತೊಡಗಿದಾಗ ಮಾವ ಎದ್ದು ಮೈಮುರಿದರು, ಸೊಸೆಯೂ ಎದ್ದು ಮೈಮುರಿದಳು.

“ಇಷ್ಟೇನಾ?” ಅಂದರು ಇಬ್ಬರೂ.

ನಾದಿನಿ ಬೆರಗಾಗಿ ನೋಡುತ್ತಿದ್ದಳು. ಮುಂದಿನ ವರ್ಷ ಇಬ್ಬರೂ ಸೇರಿ ಆರಿಸಲಿ ಎಂದು ತೀರ್ಪು ಕೊಡುವವಳಿದ್ದಳು, ಅಷ್ಟರಲ್ಲಿ ಶಾಲು ಅಲುಗಾಡಿತು. ಅತ್ತೆ ಹೊರಗೆ ಬಂದರು. ಕೂದಲು ಸರಿಮಾಡಿಕೊಂಡರು. ತಮ್ಮ ಗಂಡನ ಬಲಗಿವಿಯನ್ನು ಒಮ್ಮೆ ನೋಡಿದರು, ಸೊಸೆಯ ಹರವಿದ ಕೂದಲನ್ನು ಒಮ್ಮೆ ನೋಡಿದರು. ನಾನು ಬಾಯಿ ತೆಗೆದಾಗೆಲ್ಲ ಆ ಕಿವಿಗೆ ಕೆರೆತ ಬರುತ್ತದೆಂದು ಗೊತ್ತಿಲ್ಲದೆ ಇಷ್ಟು ಕಾಲ ಸಂಸಾರ ಮಾಡಿದೆನೇ ಎಂಬ ನೋಟ ಅದು. ಮಾವ ಮೆಲ್ಲಗೆ ಸೋಫಾದ ಮೇಲೆ ಕೂತುಬಿಟ್ಟರು. ಸೊಸೆ ಬಿರಡೆಗಳನ್ನು ಹೊರತೆಗೆಯಬಹುದೇ ಬೇಡವೇ ಎಂದು ತಿಳಿಯದೆ ನಿಂತಿದ್ದಳು.

ಅತ್ತೆ ಇಬ್ಬರಿಗೂ ಕಾಣುವ ಹಾಗೆ ಎದುರಿಗೆ ಬಂದು ನಿಂತು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದರು.

“ಮುಂದಿನ ವರ್ಷ ನಾನು ಆರಿಸ್ತೀನಿ. ಆ ಫೋಟೋ ಸಿನಿಮಾ.”